ಆರು ಗಂಟೆಗೆ ನಿಂತ ವೊವಿಯೊ

ಸಿಡ್ನಿಯಲ್ಲಿರುವ ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ಬುಕ್ ಮಾಡಬೇಕಾದದ್ದು ಹಾಲ್ ಅಲ್ಲ, ಆಂಟಿ. ನಮಗ್ಯಾರಿಗೂ ರಕ್ತಸಂಬಂಧಿಯಲ್ಲದೆಯೂ ಎಲ್ಲರಿಗೂ ಆಂಟಿಯಾಗಿದ್ದ ಈ ಹೆಂಗಸಿಗೆ ವೊವಿಯೊ ಪೂರ್ತಿ ಬಾಯಿಪಾಠ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಹಾಡುವ ಕೊಂಕಣಿ ಹಾಡುಗಳವು. ಮೆಲ್ಬರ್ನಿನ ಕ್ರೇಗಿಬರ್ನ್‌ನಿಂದಲೂ ಅವರಿಗೆ ಕರೆ ಬರುತ್ತಿತ್ತು. ವಿಮಾನ ಹತ್ತಿ ಹೋಗಿ ಹಾಡಿ, ಊಟಕ್ಕೆ ಉಪ್ಪು ಕಡಿಮೆಯಾಗಿತ್ತು ಎಂದು ಹೇಳಿಯೇ ವಾಪಸ್ ಬರುತ್ತಿದ್ದರು.

ನನ್ನ ತಂಗಿಯ ಮದುವೆ ಗೊತ್ತಾದಾಗ ನಮಗೆ ಜಾಗದ ತಾಪತ್ರಯವಾಯಿತು. ನನ್ನದು ಬ್ಲ್ಯಾಕ್‌ಟೌನ್‌ನ ಪುಟ್ಟ ಯೂನಿಟ್. ಅಲ್ಲಿ ಹತ್ತು ಜನ ಸೇರಿ ಹಾಡಿದರೆ ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟುತ್ತಿದ್ದರು. ಕೊನೆಗೆ ಹತ್ತಿರದಲ್ಲಿದ್ದ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಹಿಂದಿನ ಕೋಣೆ ಸಿಕ್ಕಿತು. ಯುದ್ಧದಿಂದ ಮರಳಿದವರು ಕಟ್ಟಿಕೊಂಡ ಹಳೆಯ ಸಂಘ ಅದು. ಮುಂದೆ ಬಾರ್, ಜೂಜಿನ ಯಂತ್ರಗಳು. ಗೋಡೆಯ ತುಂಬ ಸಮವಸ್ತ್ರದ ಹುಡುಗರ ಫೋಟೋಗಳು.

ತಂಗಿಯದು ಒಂದೇ ಹಟ. ವೊವಿಯೊದಲ್ಲಿ ಮದುಮಗಳು ಅಪ್ಪನ ಆಶೀರ್ವಾದ ಬೇಡುವ ಪದವೊಂದಿದೆ, ಅದನ್ನು ಹಾಡಕೂಡದು. ಅಮ್ಮ ನಾವು ಚಿಕ್ಕವರಿರುವಾಗಲೇ ತೀರಿಹೋಗಿದ್ದಳು. ಪಪ್ಪಾ ಮಂಗಳೂರಿನಲ್ಲಿ ತೀರಿಕೊಂಡಾಗ ತಂಗಿಗೆ ಪಿಆರ್, ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪರವಾನಗಿ, ಇನ್ನೂ ಬಂದಿರಲಿಲ್ಲ. ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಉಳಿದುಬಿಟ್ಟಳು. ನಾನೊಬ್ಬಳೇ ಹೋದೆ. ಪಪ್ಪಾನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದ ಇಗರ್ಜಿಯಿಂದ ವಿಡಿಯೋ ಕಾಲ್ ಮಾಡಿದರೆ ಅವಳು ಎತ್ತಲಿಲ್ಲ. ಮರುದಿನ ಎಂದಿನಂತೆ ನಾರ್ತ್ ಸಿಡ್ನಿಯ ಆಫೀಸಿಗೆ ಹೋದಳಂತೆ. ಆಮೇಲೆ ಎರಡು ವರ್ಷ ಅವಳು ಅಳಲೂ ಇಲ್ಲ, ಪಪ್ಪಾನ ಸುದ್ದಿ ಎತ್ತಲೂ ಇಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದಳು. ಇವಳು ಹೀಗೇ ಕಲ್ಲಾಗಿಬಿಟ್ಟರೆ ಏನು ಗತಿ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಆಂಟಿ ಕೇಳಬೇಕಲ್ಲ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ವೊವಿಯೊ ಅಂದ್ರೆ ಪ್ಲೇಲಿಸ್ಟ್ ಅಲ್ಲ ಮಾರಾಯ್ತಿ, ಬೇಡದ್ದನ್ನು ಸ್ಕಿಪ್ ಮಾಡ್ಲಿಕ್ಕೆ."

ಹಾಗಾದರೆ ರೋಸೇ ಬೇಡ ಎಂದಳು ತಂಗಿ. ಇಬ್ಬರ ನಡುವೆ ಸಿಕ್ಕಿ ನಾನು ಹೈರಾಣಾದೆ. ಕಡೆಗೆ ಆಂಟಿ ಮುಖ ಊದಿಸಿಕೊಂಡೇ ಒಪ್ಪಿದರು.

ರೋಸಿಗೆ ಮೊದಲಿನ ಶನಿವಾರ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಕೂತಾಗ ನಮ್ಮವರು ಮಾನ ಕಳೆದರು. ಸಂಜೆ ಆರಕ್ಕೆ ಇದ್ದಕ್ಕಿದ್ದಂತೆ ದೀಪಗಳು ಮಂಕಾದವು. ನಮ್ಮವರಿಗೆ ದೀಪ ಆರಿತೆಂದರೆ ಕೇಕ್ ಬಂತೆಂದೇ ಲೆಕ್ಕ. ಯಾರದ್ದೆಂದು ಕೂಡ ಕೇಳದೆ ಎಲ್ಲರೂ ಚಪ್ಪಾಳೆ ತಟ್ಟುತ್ತ ಬರ್ತ್‌ಡೇ ಹಾಡಿಗೆ ಶುರುವಿಟ್ಟರು, ಆಂಟಿ ಎಲ್ಲರಿಗಿಂತ ಜೋರಾಗಿ. ಹೆಸರು ಹೇಳಬೇಕಾದ ಕಡೆ ಬಂದು ತಡವರಿಸಿದಾಗಲೇ ನಾವು ಬಾಗಿಲ ಕಡೆ ನೋಡಿದ್ದು. ಆಚೆ ಬಾರಿನಲ್ಲಿ ಎಲ್ಲರೂ ಗ್ಲಾಸ್ ಕೆಳಗಿಟ್ಟು ತಲೆ ತಗ್ಗಿಸಿ ನಿಂತಿದ್ದರು. ದಿನಾ ಆರಕ್ಕೆ ದೀಪ ಇಳಿಸಿ, ಯುದ್ಧದಲ್ಲಿ ಸತ್ತ ಗೆಳೆಯರನ್ನು ನೆನೆಯುವುದು ಆ ಕ್ಲಬ್ಬಿನ ಪದ್ಧತಿಯಂತೆ. ದೀಪ ಇಳಿಸುವ ಮುದುಕ ಬಂದು ಅದನ್ನೆಲ್ಲ ಮೆತ್ತಗೆ ತಿಳಿಸಿ ಹೇಳಿದ. ಬೈದಿದ್ದರೆ ವಾಸಿಯಿತ್ತು.

ರೋಸ್ ದಿನ ಐದಕ್ಕೆ ಮುಗಿಸಿಬಿಡೋಣ ಎಂದುಕೊಂಡಿದ್ದೆವು. ನಮ್ಮ ಐದು ಗಂಟೆ ಎಷ್ಟಕ್ಕೆ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಕಾರ್ಪೆಟ್ಟಿಗೆ ಪ್ಲಾಸ್ಟಿಕ್ ಹಾಸಿ, ತಂಗಿಯನ್ನು ಸ್ಟೂಲ್ ಮೇಲೆ ಕೂರಿಸಿ, ಅಕ್ಕನೆಂದು ನಾನೇ ಮೊದಲು ತೆಂಗಿನಹಾಲು ಹಚ್ಚಿದೆ. ಅವಳು ಫೋಟೋಕ್ಕೆ ಬೇಕಾದಷ್ಟು ನಗುತ್ತಿದ್ದಳು. ಆಂಟಿ ಕೊಟ್ಟ ಮಾತಿನಂತೆ ಆ ಪದ ಹಾರಿಸಿ ಮುಂದಿನದಕ್ಕೆ ಹೋದರು. ಅಷ್ಟರಲ್ಲಿ ದೀಪ ಇಳಿಯಿತು.

ಶುರುಮಾಡಿದ ವೊವಿಯೊವನ್ನು ನಡುವೆ ನಿಲ್ಲಿಸಬಾರದು ಎನ್ನುವ ಆಂಟಿ ಅಂದು ತಾವೇ ಕೈ ಎತ್ತಿ ನಿಲ್ಲಿಸಿದರು. ಎಲ್ಲರೂ ಎದ್ದೆವು. ಕೂದಲಿನಿಂದ ಹಾಲು ತೊಟ್ಟಿಕ್ಕುತ್ತಿದ್ದ ತಂಗಿಯೂ ಎದ್ದಳು. ಆಚೆ ಮುದುಕ ಕೆಲವೇ ಸಾಲು ಹೇಳಿದ. ಹೋದವರನ್ನು ನಾವು ಮರೆಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಆಮೇಲೆ ಮೌನ. ಜೂಜಿನ ಯಂತ್ರಗಳೂ ಸುಮ್ಮನಿದ್ದವು.

ದೀಪ ಬಂತು. ಎಲ್ಲರೂ ಕೂತರು. ತಂಗಿ ಮಾತ್ರ ಕೂರಲಿಲ್ಲ.

"ಆಂಟಿ, ಪಪ್ಪಾನ ಪದ ಹಾಡಿ," ಎಂದಳು.

ಎಷ್ಟೋ ಮದುವೆಗಳಲ್ಲಿ ಒಂದಕ್ಷರ ತಪ್ಪದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಕೈಸನ್ನೆಯಲ್ಲೇ ನಮಗೆ ಹಾಡಲು ಹೇಳಿದರು. ನಾವು ಹಾಡಿದೆವು. ಒಬ್ಬೊಬ್ಬರದು ಒಂದೊಂದು ಶ್ರುತಿ. ತಂಗಿ ನಿಂತುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಅವಳು ಅಳುವುದನ್ನು ನೋಡಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಶಾಸ್ತ್ರ ಮುಗಿದ ಮೇಲೆ ಅವಳನ್ನು ಕ್ಲಬ್ಬಿನ ಬಾತ್‌ರೂಮಿಗೆ ಕರೆದೊಯ್ದು, ಸಿಂಕಿಗೆ ಬಗ್ಗಿಸಿ ಕೂದಲಿನ ತೆಂಗಿನಹಾಲು ತೊಳೆಯುತ್ತಿದ್ದೆ. ನೀರಿನ ಸದ್ದಿನಲ್ಲಿ ಅವಳು ಏನೋ ಅಂದಳು. ನಲ್ಲಿ ನಿಲ್ಲಿಸಿದೆ.

"ಅಕ್ಕಾ, ಅವತ್ತು ಪಪ್ಪಾಗೆ ಯಾವ ಶರ್ಟ್ ಹಾಕಿದ್ರಿ?"