ರೀಡಿನ ಮೇಲಿನ ರಕ್ತ

ಬೀದಿಯವರೆಲ್ಲ ಅವನನ್ನು ಉಸಿರಣ್ಣ ಎಂದೇ ಕರೆಯುತ್ತಿದ್ದರು. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಒಂದು ಸ್ವರ ಹಿಡಿದರೆ ಉಸಿರು ಕಟ್ಟುತ್ತಿದ್ದದ್ದು ಕೇಳುವವರಿಗೆ, ಅವನಿಗಲ್ಲ. ಕೆಳಗೆ ಹೆಂಡತಿಯ ಇಸ್ತ್ರಿ ಅಂಗಡಿ, ಮೇಲೆ ಮನೆ. ಬ್ಯಾಂಡಿನವರ ಕೆಂಪು ಕೋಟುಗಳಿಗೆಲ್ಲ ಅವಳದೇ ಇಸ್ತ್ರಿ. "ಊದೋದು ಇವರು, ಬೆವರೋದು ನಾನು" ಎಂದು ಗಿರಾಕಿಗಳ ಮುಂದೆ ಗೊಣಗುತ್ತಿದ್ದಳು. ಆ ಗೊಣಗಾಟದ ತುಂಬ ಹೆಮ್ಮೆಯೇ ಇತ್ತು.

ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಜೊಂಡಿನ ತೆಳು ಪಟ್ಟಿಗೆ ರೀಡು ಎನ್ನುತ್ತಾರೆ. ಕೆಲವು ವರ್ಷಗಳಿಂದ ಅದರ ಮೇಲೆ ರಕ್ತದ ಕಲೆ ಬೀಳುತ್ತಿತ್ತು. ಬೇರೆಯವರಾಗಿದ್ದರೆ ಬಾಯಿ ನೋಡಿಕೊಳ್ಳುತ್ತಿದ್ದರು. ಈ ಪುಣ್ಯಾತ್ಮ ರೀಡು ನೋಡಿದ. "ಅಂಚು ಚೂಪಾಗಿದೆ, ತುಟಿ ಕೊಯ್ತಿದೆ" ಎಂದು ಉಪ್ಪುಕಾಗದ ಹಿಡಿದು ಉಜ್ಜಲು ಕೂತ. ಕಲಿಸಿದ ಮೇಷ್ಟ್ರೂ ಹಾಗೇ ಮಾಡುತ್ತಿದ್ದರಂತೆ. ಆ ಮೇಷ್ಟ್ರ ಬಾಯಲ್ಲಿ ಕೊನೆಗೆ ಹಲ್ಲೆಷ್ಟು ಉಳಿದಿದ್ದವು ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

ಬೆಳಿಗ್ಗೆ ದಿಂಬಿನ ಮೇಲೂ ಕಲೆ ಇರುತ್ತಿತ್ತು. ಹೆಂಡತಿ ದಿಂಬಿನ ಚೀಲವನ್ನು ತಣ್ಣೀರಲ್ಲಿ ನೆನೆಸಿ, ತಿಕ್ಕಿ, ಬೆಳ್ಳಗೆ ಮಾಡಿ ಇಸ್ತ್ರಿ ಹಾಕುತ್ತಿದ್ದಳು. ಕಲೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. "ಒಂದ್ಸಲ ಹಲ್ಲಿನ ಡಾಕ್ಟ್ರಿಗೆ ತೋರಿಸ್ರೀ" ಎಂದರೆ, "ಅವರಿಗೆ ಕೀಳೋದೊಂದೇ ಗೊತ್ತು. ಮುಂದಿನ ಹಲ್ಲು ಹೋದ್ರೆ ನಾನು ಯಾವುದರಲ್ಲಿ ಊದ್ಲಿ, ಮೂಗಲ್ಲಾ?" ಎನ್ನುತ್ತಿದ್ದ. ಅವಳಿಗೆ ನಗು ಬಂದುಬಿಡುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಮನೆಯ ಮೆಟ್ಟಿಲ ಮೇಲೆ ಉಸಿರಣ್ಣನಿಗೇ ಉಸಿರು ಸಿಗಲಿಲ್ಲ. ಎದೆ ಹಿಡಿದು ಕೂತವನನ್ನು ಅವಳು ಆಸ್ಪತ್ರೆಗೆ ಸೇರಿಸಿದಳು. ಹೃದಯದ ರಕ್ತನಾಳಗಳು ಗಡುಸಾಗಿ ಕಟ್ಟಿಕೊಂಡಿದ್ದವು, ಒಂದು ಕವಾಟ ಬೇರೆ ಬದಲಾಯಿಸಬೇಕಿತ್ತು. ಡಾಕ್ಟರಮ್ಮ ಬಾಯಿ ತೆರೆಸಿ ನೋಡಿದರು. ವಸಡಿನ ತುಂಬ ಕೀವು.

"ವಸಡಿನ ಕ್ರಿಮಿಗಳು ರಕ್ತಕ್ಕೆ ಇಳೀತವಮ್ಮ. ನಾಳದೊಳಗೆ ಕಟ್ಟಿಕೊಳ್ಳೋ ಕೊಬ್ಬಿನ ಗಸಿಯಲ್ಲೂ ಅವು ಸಿಕ್ಕಿವೆ" ಎಂದರು.

"ಹಾಗಾದ್ರೆ ಇದೆಲ್ಲ ಅದರಿಂದಲೇನಾ?" ಎಂದಳು ಹೆಂಡತಿ.

"ಇರಬಹುದು. ಅದೇ ಕಾರಣ ಅಂತ ಖಂಡಿತ ಹೇಳಕ್ಕಾಗಲ್ಲ. ಆದ್ರೆ ಈ ಬಾಯಿ ಇಟ್ಕೊಂಡು ಎದೆ ತೆರೆಯೋ ಹಾಗಿಲ್ಲ. ಅಲ್ಲಾಡೋ ಹಲ್ಲೆಲ್ಲ ಮೊದಲು ತೆಗೀಬೇಕು."

ಮುಂದಿನವೂ ಸೇರಿ. ಅವನು ಹೆಂಡತಿಯ ಮುಖ ನೋಡಿದ. ಬೇಡ ಅನ್ನು ಎಂದು ಆ ಕಣ್ಣು ಅಂಗಲಾಚುತ್ತಿತ್ತು. ಅವಳು "ತೆಗೀರಿ" ಎಂದಳು. ಎನ್ನದೆ ಇನ್ನೇನು ಮಾಡಿಯಾಳು? ದಿನಾ ತೊಳೆದು ಕಳೆದ ಕಲೆಗಳೆಲ್ಲ ಕಣ್ಮುಂದೆ ಬಂದವು. ಯಾರನ್ನು ಬೈಯಬೇಕೋ, ಅವನನ್ನೋ ತನ್ನನ್ನೋ, ಅದೂ ತಿಳಿಯಲಿಲ್ಲ.

ವಸಡು ಮಾಯಲಿ, ಆಮೇಲೆ ಆಪರೇಷನ್ ಎಂದು ಮನೆಗೆ ಕಳಿಸಿದರು. ಅಂಗಡಿಯಲ್ಲಿ ಕೋಟು ಮಡಚುತ್ತಿದ್ದವಳಿಗೆ ಮೇಲಿನಿಂದ ಬರೀ ಗಾಳಿಯ ಸದ್ದು ಕೇಳಿಸಿತು. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಮೆಟ್ಟಿಲು ಹತ್ತಿದಳು. ಗುಳಿಬಿದ್ದ ಬಾಯಿಗೆ ಕ್ಲಾರಿನೆಟ್ ಇಟ್ಟುಕೊಂಡು ಅವನು ಮತ್ತೆ ಮತ್ತೆ ಊದುತ್ತಿದ್ದ. ಉಸಿರೆಲ್ಲ ತುಟಿಯ ಪಕ್ಕದಿಂದ ಸೋರಿಹೋಗುತ್ತಿತ್ತು. ಅವಳನ್ನು ಕಂಡು ರೀಡು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ.

"ರೀಡು ಸರಿಯಿಲ್ಲ ಕಣೇ" ಎಂದ. "ಆ ಉಪ್ಪುಕಾಗದ ಕೊಡು."

ಅವಳು ಹುಡುಕಿ ಕೊಟ್ಟಳು.