ಸುಟ್ಟ ನೆಲದ ಹಾವಸೆ

ಕಡೂರಿನ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ನಮ್ಮ ಪ್ರಯೋಗಾಲಯಕ್ಕೆ ಅಟೆಂಡರ್ ಆಗಿ ಯಗಟಿಯ ಹೆಂಗಸೊಬ್ಬರು ಬಂದರು. ನಮ್ಮ ಕಾಲೇಜಿನಲ್ಲೇ ಕೆಲಸದಲ್ಲಿದ್ದ ಗಂಡ ಹಠಾತ್ತನೆ ತೀರಿಕೊಂಡಿದ್ದರಿಂದ ಅನುಕಂಪದ ಆಧಾರದ ಮೇಲೆ ಸಿಕ್ಕ ನೌಕರಿ ಅದು. ಅಲ್ಲಿಯವರೆಗೆ ಕುರಿ ಮೇಯಿಸಿ, ರಾಗಿ ಹೊಲದಲ್ಲಿ ಕಳೆ ಕಿತ್ತು ಬದುಕಿದವರು. ಗಾಜಿನ ಸಾಮಾನನ್ನು ಎರಡೂ ಕೈಯಲ್ಲಿ ಹಿಡಿದೇ ಎತ್ತುತ್ತಿದ್ದರು. ಬೀಕರ್ ಒಡೆದ ದಿನ ಮಧ್ಯಾಹ್ನ ಬುತ್ತಿಯನ್ನೇ ಬಿಚ್ಚಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಫ್ಯುನೇರಿಯಾ ಎಂಬ ಹಾವಸೆ ಬೇಕಿತ್ತು. ಉಗುರಿನಷ್ಟೆತ್ತರದ ಹಸಿರು ಗಿಡ, ಅದರ ಮೇಲೆ ಕೆಂಚು ಕಡ್ಡಿ, ಕಡ್ಡಿಯ ತುದಿಯಲ್ಲಿ ಬೀಜಾಣು ತುಂಬಿದ ಪುಟ್ಟ ಡಬ್ಬಿ. ಬಯಲುಸೀಮೆಯಲ್ಲಿ ಅದೆಲ್ಲಿ ಸಿಗಬೇಕು ಎಂದು ನಾನು ಪ್ರತಿವರ್ಷ ತರೀಕೆರೆ ಕಡೆಯಿಂದ ತರಿಸುತ್ತಿದ್ದೆ. ಆಕೆಯ ತಂಗಿಯನ್ನು ಆ ಕಡೆಯ ಲಿಂಗದಹಳ್ಳಿಗೆ ಕೊಟ್ಟಿತ್ತು. ಚಿತ್ರ ತೋರಿಸಿ, "ಹೋದಾಗ ಒಂದಿಷ್ಟು ತನ್ನಿ" ಎಂದೆ.

ತಂದರು. ಪೇಪರಿನಲ್ಲಿ ಸುತ್ತಿ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟುಬಿಟ್ಟರು. ಪರೀಕ್ಷೆಯ ಬೆಳಿಗ್ಗೆ ಬಿಚ್ಚಿ ನೋಡಿದರೆ ಎಲ್ಲ ಒಣಗಿ ಟೀ ಪುಡಿಯಂತಾಗಿತ್ತು. ವಿದ್ಯಾರ್ಥಿಗಳ ಎದುರಿಗೇ ರೇಗಿದೆ. "ಇಷ್ಟೂ ಗೊತ್ತಾಗಲ್ವಾ ನಿಮಗೆ?"

"ತಪ್ಪಾಯ್ತು ಮೇಡಂ. ಕೆಲ್ಸದಿಂದ ತೆಗೀಬ್ಯಾಡಿ. ಈಗ್ಲೇ ಬಸ್ ಹತ್ತಿ ಹೋಗಿ ತತ್ತೀನಿ."

ಕೆಲಸದಿಂದ ತೆಗೆಯುವ ಮಾತು ಕೇಳಿದ್ದೇ ನನ್ನ ಸಿಟ್ಟು ಇಳಿದುಹೋಯಿತು. ಹಾವಸೆ ಒಣಗಿದರೂ ಅಷ್ಟು ಬೇಗ ಸಾಯುವುದಿಲ್ಲ. ವರ್ಷಗಟ್ಟಲೆ ಅದನ್ನೇ ಪಾಠ ಮಾಡಿದವಳು ಆ ಹೊತ್ತಿಗೆ ಮರೆತಿದ್ದೆ. ತಟ್ಟೆಯಲ್ಲಿ ಹರಡಿ ನೀರು ಚಿಮುಕಿಸಿದೆ. ಸ್ವಲ್ಪ ಹೊತ್ತಿನಲ್ಲಿ ಮುದುಡಿದ್ದ ಎಲೆಗಳು ಬಿಚ್ಚಿಕೊಂಡವು, ಹಸಿರು ಮರಳಿತು. ಹುರಿಗೊಂಡಿದ್ದ ಕಡ್ಡಿಗಳು ಮೆಲ್ಲಗೆ ತಿರುಗತೊಡಗಿದವು.

"ಅಯ್ಯೋ, ತಿರುಗ್ತಾ ಐತೆ ನೋಡಿ! ಸತ್ತಿರ್ನಿಲ್ವಾ ಇದು?"

"ಇಲ್ಲಮ್ಮ. ನೀರು ಸಿಗೋವರೆಗೂ ಸುಮ್ಮನಿರುತ್ತೆ ಅಷ್ಟೆ."

ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಸಂಜೆ ಆಕೆಯನ್ನು ಕರೆದು, "ಹೇಗೆ ಇಡಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ. ತಪ್ಪು ನನ್ನದೇ" ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಾಗ ಮೊದಲು ಎರಡೂ ಕಣ್ಣು ಮುಚ್ಚಿಕೊಂಡರು. ಆಮೇಲೆ ನೋಡಿದರು, ತುಂಬಾ ಹೊತ್ತು. ಡಬ್ಬಿಯ ಬಾಯಿಯ ಸುತ್ತ ಸಣ್ಣ ಹಲ್ಲುಗಳು. ಗಾಳಿ ಒಣಗಿದಾಗ ಅವು ತೆರೆದು ಬೀಜಾಣುಗಳನ್ನು ಹೊರಗೆ ಬಿಡುತ್ತವೆ, ತೇವವಾದರೆ ಮುಚ್ಚಿಕೊಳ್ಳುತ್ತವೆ. ಬೀಜಾಣು ಹಸಿ ಮಣ್ಣಿಗೆ ಬಿದ್ದರೆ ಮೊದಲು ಹಸಿರು ನೂಲು ಹಬ್ಬುತ್ತದೆ, ಆ ನೂಲಿನಿಂದ ಗಿಡಗಳು ಏಳುತ್ತವೆ ಎಂದು ವಿವರಿಸಿದೆ.

"ಬಿತ್ತೋರೇ ಬ್ಯಾಡ್ವಾ ಹಂಗಾದ್ರೆ?" ಎಂದು ನಕ್ಕರು. ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ಮಳೆಗಾಲದಲ್ಲಿ ಒಂದು ದಿನ ತರಗತಿಯ ಬಾಗಿಲಿಗೇ ಬಂದು ನಿಂತರು. "ಮೇಡಂ, ಬೇಗ ಬನ್ನಿ. ಲಿಂಗದಳ್ಳಿಗೆ ಹೋಗೋದೇ ಬ್ಯಾಡ, ಇಲ್ಲೇ ಬಂದೈತೆ!"

ಕಟ್ಟಡದ ಹಿಂದೆ, ಬೇಸಿಗೆಯಲ್ಲಿ ತರಗೆಲೆ ಸುಟ್ಟ ಜಾಗದ ತುಂಬ ಫ್ಯುನೇರಿಯಾ ಹಬ್ಬಿತ್ತು. ಸುಟ್ಟ ನೆಲಕ್ಕೆ ಮೊದಲು ಬರುವ ಸಸ್ಯಗಳಲ್ಲಿ ಇದೂ ಒಂದು ಎಂದು ನೋಟ್ಸ್ ಬರೆಸುತ್ತಿದ್ದವಳು ನಾನೇ. ಆದರೆ ಒಮ್ಮೆಯೂ ಅಲ್ಲಿಗೆ ಹೋಗಿ ನೋಡಿರಲಿಲ್ಲ. ನಾಚಿಕೆಯಾಯಿತು. ಆಕೆಯಾಗಲೇ ಸುತ್ತ ಕಲ್ಲು ಜೋಡಿಸಿದ್ದರು. ಯಾರಾದರೂ ತುಳಿದರೆ ಗದರಿಸುತ್ತಿದ್ದರು. ಹಾವಸೆಯ ವಿಷಯ ಬಂದರೆ ವಿದ್ಯಾರ್ಥಿಗಳು ನನ್ನನ್ನು ಬಿಟ್ಟು ಆಕೆಯನ್ನೇ ಕೇಳುವಂತಾಯಿತು.

ಆಮೇಲೆ ನನಗೆ ಅಜ್ಜಂಪುರಕ್ಕೆ ವರ್ಗವಾಯಿತು. ಒಂದು ರಜಾದಿನ ಆಕೆ ನೋಡಲು ಬಂದರು. ಊಟ ಮುಗಿಸಿ ಹೊಸ ಕಾಲೇಜು ತೋರಿಸಲು ಕರೆದೊಯ್ದರೆ ಕಾಂಪೌಂಡ್ ಗೋಡೆಯ ಬಳಿ ತಟ್ಟನೆ ನಿಂತರು. ಸಿಮೆಂಟಿನ ಬಿರುಕಿನಲ್ಲಿ ಬೆಳ್ಳಗೆ ಹೊಳೆಯುವ ಹಾವಸೆಯೊಂದು ಬೆಳೆದಿತ್ತು.

"ಇದು ನಮ್ದಲ್ಲ ಮೇಡಂ, ಬ್ಯಾರೆ. ಏನಂತಾರೆ ಇದನ್ನ?"

"ಬ್ರಯಂ."

ಎರಡು ಸಲ ಹೇಳಿಕೊಂಡರು. ಆಮೇಲೆ ಕೈಚೀಲದಿಂದ ಪೆನ್ನು ತೆಗೆದು ಬಸ್ ಟಿಕೆಟಿನ ಹಿಂದೆ ಬರೆದುಕೊಂಡರು.