ಕುಂಕುಮ ಹಚ್ಚಿದ ನೊಣ

ನಿಜಾಮರ ಕಾಲದಲ್ಲಿ ನಾನು ಮಸ್ಕಿಯಲ್ಲಿ ಸರ್ಕಾರಿ ಕಾರಕೂನನಾಗಿದ್ದೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿಗೆ ಮೂರು ತಿಂಗಳು. ಅನ್ನ ಕಂಡರೆ ಓಕರಿಕೆ, ರೊಟ್ಟಿ ಕಂಡರೆ ಕಣ್ಣೀರು. ಸಿಂಧನೂರಿನಾಚೆ ಹೊಳೆದಂಡೆಯ ಊರಿನಲ್ಲಿ ಬೆಳೆದವಳು. ಬಾಯಿ ಬಯಸುತ್ತಿದ್ದುದು ಒಂದೇ, ಸಣ್ಣ ಹಸಿಮೀನಿನ ಸಾರು. ನಮ್ಮ ಸಂತೆಗೆ ಬರುತ್ತಿದ್ದುದು ಒಣಮೀನು. ಅದರ ವಾಸನೆಗೇ ಅವಳು ಹಿತ್ತಲಿಗೆ ಓಡುತ್ತಿದ್ದಳು. ಹೀಗೇ ಆದರೆ ದಸರೆಯ ಮರುದಿನ ಅವಳಣ್ಣ ಬಂಡಿ ತಂದು ತವರಿಗೆ ಕರೆದೊಯ್ಯುವುದೆಂದು ಹಿರಿಯರು ಗೊತ್ತುಮಾಡಿದರು. ಹೋದರೆ ಕೂಸನ್ನು ಎತ್ತಿಕೊಂಡೇ ಬರುವುದು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ನನಗಂತೂ ಮನೆ ಆಗತಾನೇ ಮನೆಯೆನಿಸತೊಡಗಿತ್ತು.

ಊರ ಹಳ್ಳದಲ್ಲಿ ಬೆರಳುದ್ದದ ಗೆಂಡೆ ಮೀನುಗಳಿದ್ದವು. ಆದರೆ ಗಾಳಕ್ಕೆ ಸಿಕ್ಕಿಸಲು ಎರೆಹುಳವನ್ನು ಮುಟ್ಟುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ದಾರಿ ತೋರಿಸಿದವರು ಪಕ್ಕದ ಮನೆಯ ಸಾಹೇಬರು. ಲಿಂಗಸುಗೂರಿನಲ್ಲಿ ನೌಕರಿಯಲ್ಲಿದ್ದಾಗ ಒಬ್ಬ ಇಂಗ್ಲಿಷ್ ಎಂಜಿನಿಯರನಿಂದ ಮೀನು ಹಿಡಿಯುವ ವಿದ್ಯೆ ಕಲಿತ ಮುದುಕರು.

"ಹುಳ ಯಾಕ ಬೇಕೋ? ಹುಂಜದ ಗರಿ ಸಾಕು. ಮೀನಿಗೆ ಧೋಕಾ ಕೊಡೂದು, ಅಷ್ಟ."

ಕೊಕ್ಕೆಗೆ ಗರಿ ಇಟ್ಟು ರೇಷ್ಮೆ ದಾರ ಸುತ್ತಿ ಅವರು ಮೀನಿನ ಕಣ್ಣಿಗೆ ನೊಣದಂತೆ ಕಾಣುವ ಹುಸಿ ನೊಣಗಳನ್ನು ಕಟ್ಟಿದರು. ತುದಿಗೆ ಉದ್ದ ದಾರ ಕಟ್ಟಿದ ತೆಳ್ಳನೆಯ ಬಿದಿರುಕೋಲನ್ನೂ ಕೊಟ್ಟರು. ನೊಣ ನೀರಿನ ಮೇಲೆ ತೇಲಬೇಕು, ಮುಳುಗಿದರೆ ಕೆಲಸ ಕೆಟ್ಟಿತು ಎಂಬುದು ಅವರ ಶಾಸನ.

ಕಚೇರಿ ಬಿಟ್ಟ ಮೇಲೆ ದಿನವೂ ಅಭ್ಯಾಸ. ಮೊದಲ ದಿನ ಜಾಲಿಗಿಡವನ್ನು ಹಿಡಿದೆ. ಮರುದಿನ ನನ್ನ ತಲೆಯ ಮೇಲಿದ್ದ ರೂಮಿ ಟೋಪಿಯನ್ನೇ ಎತ್ತಿ ಹಳ್ಳಕ್ಕೆ ಒಪ್ಪಿಸಿದೆ.

"ಶಾಬಾಶ್! ಇಷ್ಟ ದೊಡ್ಡ ಶಿಕಾರಿ ನಮ್ಮ ಎಂಜಿನಿಯರ್ ಸಾಹೇಬರೂ ಮಾಡಿದ್ದಿಲ್ಲ," ಎಂದರು ಗುರುಗಳು.

ಎಂಟನೆಯ ದಿನ ನೊಣ ನೀರಿನ ಮೇಲೆ ಹಗುರಾಗಿ ಕೂತಿತು. ಮೀನು ಮಾತ್ರ ಅದನ್ನು ಮೂಸಿಯೂ ನೋಡಲಿಲ್ಲ. ಅಷ್ಟರಲ್ಲಿ ಜಾಲಿಗಿಡಗಳಿಗೆ ದಾನ ಮಾಡಿ ಉಳಿದದ್ದು ಒಂದೇ ಕೊಕ್ಕೆ.

ದಸರೆಯ ಮುನ್ನಾದಿನ, ಆಯುಧಗಳಿಗೆ ಪೂಜೆ ಸಲ್ಲುವ ಖಂಡೆಪೂಜೆಯಂದು ಸ್ನಾನ ಮುಗಿಸಿ ಬಂದು ನೋಡುತ್ತೇನೆ, ದೇವರ ಮುಂದೆ ಕುಡಗೋಲು, ಕೊಡಲಿಗಳ ಸಾಲಿನಲ್ಲಿ ನನ್ನ ಬಿದಿರುಕೋಲೂ ವಿಭೂತಿ ಧರಿಸಿ ನಿಂತಿದೆ. ಅವ್ವ ಆ ಒಂದೇ ನೊಣಕ್ಕೆ ಅರಿಷಿಣ ಕುಂಕುಮ ಕಲಸಿ ದಪ್ಪಗೆ ಮೆತ್ತಿದ್ದಳು.

"ಯವ್ವಾ, ಅದು ತೇಲಬೇಕಬೇ!"

"ತೇಲತೈತಿ ತಗೋ. ಪೂಜಿ ಮಾಡಿದ್ದು ಒರಸಿದಿ ಅಂದ್ರ ನೋಡು ಮತ್ತ!"

ಆಯುಧವೆಂದು ಒಪ್ಪಿಕೊಂಡ ಮೇಲೆ ಒರೆಸುವಂತಿಲ್ಲ. ದಸರೆಯ ಬನ್ನಿ ಹಬ್ಬ ಮುಗಿಯುವ ಹೊತ್ತಿಗೆ ಗರಿ ಒಣಗಿ ಕಲ್ಲಾಗಿತ್ತು.

ಬಂಡಿ ಬರುವ ದಿನ ಬೆಳಿಗ್ಗೆ ಅದನ್ನೇ ಹಿಡಿದು ಹಳ್ಳಕ್ಕೆ ಹೋದೆ. ಸಾಹೇಬರು ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದು ನೊಣ ಅಲ್ಲಪಾ, ಮದುಮಗಳು."

ಎಸೆದೆ. ಮದುಮಗಳು ನೆಟ್ಟಗೆ ತಳ ಸೇರಿದಳು.

"ಮುಗೀತು. ಎಳಕೋ," ಎಂದು ಅವರು ಬೀಡಿ ಹಚ್ಚಿದರು.

ಮನಸ್ಸಿಲ್ಲದೆ ಮೆಲ್ಲಗೆ ಎಳೆಯುತ್ತಿದ್ದೆ. ದಾರ ಒಮ್ಮೆ ಜಗ್ಗಿತು. ಬೆಳ್ಳಿಯಂಥ ಗೆಂಡೆಯೊಂದು ಮೇಲೆ ಬಂದು ನನ್ನ ಎದೆಗೇ ಬಡಿಯಿತು. ಸಾಹೇಬರ ಬೀಡಿ ಬಾಯಿಂದ ಬಿತ್ತು.

"ಮತ್ತ ಒಗಿ! ಹಂಗ ಒಗಿ! ಒರಸಬ್ಯಾಡ!"

ಹೊತ್ತು ಏರುವುದರೊಳಗೆ ಒಂಬತ್ತು ಮೀನು. ಆಮೇಲೆ ಕುಂಕುಮವೆಲ್ಲ ತೊಳೆದುಹೋಗಿ, ನೊಣ ಶಾಸ್ತ್ರೋಕ್ತವಾಗಿ ತೇಲತೊಡಗಿತು. ಒಂದು ಮೀನೂ ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಬಾಗಿಲಲ್ಲಿ ಬಂಡಿ ನಿಂತಿತ್ತು. ಎತ್ತಿನ ಕೊರಳು ಇನ್ನೂ ನೊಗದಲ್ಲಿತ್ತು. ಅವ್ವ ಮೀನು ಇಸಿದುಕೊಂಡು ಒಲೆ ಹಚ್ಚಿದಳು. ಸಾರು ಕುದಿದು ಗಂಗಾಳಕ್ಕೆ ಬಂದಾಗ ಹೆಂಡತಿ ಬಗ್ಗಿ ನೋಡಿದಳು.

"ಇಷ್ಟ ಸಣ್ಣವ? ಹಾಲು ಬಿಡಿಸಿದ್ರೋ ಇಲ್ಲೋ ಇವಕ್ಕ?"

ಅಂದಳು, ಉಣ್ಣತೊಡಗಿದಳು. ನಾನೂ ಅವ್ವನೂ ಅವಳಣ್ಣನೂ ಬಾಗಿಲ ಮರೆಯಲ್ಲಿ ನಿಂತೆವು. ಒಂದು ರೊಟ್ಟಿ ಹೋಯಿತು. ಹಿತ್ತಲ ಕಡೆ ಅವಳು ನೋಡಲಿಲ್ಲ. ಎರಡನೆಯದನ್ನು ಮುರಿದಳು.

ಅವಳಣ್ಣನಿಗೆ ತಡೆಯಲಾಗಲಿಲ್ಲ. "ಏನವಾ ತಂಗಿ, ಗಂಟು ಕಟ್ಟತೀಯೋ ಇಲ್ಲೋ?"

ಅವಳು ಮುಳ್ಳು ಬಿಡಿಸುತ್ತ, ತಲೆಯೆತ್ತದೆ ಹೇಳಿದಳು. "ಎತ್ತು ಬಿಚ್ಚಣ್ಣಾ, ಪಾಪ ನಿಂತಾವ. ಏಳನೇ ತಿಂಗಳಿಗೆ ಬರ್ತೀನಂತ ಅವ್ವಗ ಹೇಳು."

ಅವನು ನೊಗ ಇಳಿಸಲು ಹೊರಗೆ ನಡೆದ. ಒಳಗಿನಿಂದ ಮೂರನೆಯ ರೊಟ್ಟಿಗೆ ಕೂಗು ಬಂತು.